ಹಗುರ ಒಂಟಿ ಈಡಿನ ರೈಫಲ್‌ಗೆ ರಿಮ್ ತೋಟಾ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಟಿ ಈಡಿನ, ಅಂದರೆ ಒಂದು ಸಲಕ್ಕೆ ಒಂದೇ ತೋಟಾ ಹಾಕುವ ಹಗುರ ರೈಫಲ್ ಕೈಗೆತ್ತಿಕೊಂಡವರಿಗೆ ಅದರ ಮೇಲೆ ಆಸೆ ಹುಟ್ಟದೇ ಇರುವುದು ಕಷ್ಟ. ಗಿಡ್ಡ, ತೆಳು, ಇಡೀ ದಿನ ಹೆಗಲಲ್ಲಿದ್ದರೂ ಭಾರ ಅನ್ನಿಸುವುದಿಲ್ಲ. ಆದರೆ ಯಾವ ತೋಟಾಕ್ಕೆ ತೆಗೆದುಕೊಳ್ಳಬೇಕು ಅನ್ನುವ ಪ್ರಶ್ನೆ ಬಂದಾಗ ಬಹಳ ಜನ ಎಡವುತ್ತಾರೆ. ಜೀವಮಾನದಲ್ಲಿ ಒಮ್ಮೆ ಎದುರಾಗಬಹುದಾದ ದೊಡ್ಡ ಪ್ರಾಣಿಯನ್ನು ನೆನೆದು ದೊಡ್ಡ ತೋಟಾ ಆರಿಸುತ್ತಾರೆ. ನಾನು ಹೇಳುವುದು ಬೇರೆ. ಮೊದಲು ರೈಫಲ್ಲನ್ನು ತಕ್ಕಡಿಗೆ ಹಾಕಿ, ಆಮೇಲೆ ತೋಟಾ ಆರಿಸಿ. ಈ ಪುಟದ ಹೆಚ್ಚಿನ ಉತ್ತರಗಳು ಅಲ್ಲಿಂದಲೇ ಹೊರಡುತ್ತವೆ.

ರಿಮ್ ತೋಟಾ ಅಂದರೆ ಯಾವುದು?

ಹಿತ್ತಾಳೆ ಕೇಸಿನ ಬುಡದಲ್ಲಿ, ಕೇಸಿನ ಮೈಗಿಂತ ಹೊರಗೆ ಚಾಚಿಕೊಂಡ ಅಂಚು ಇದ್ದರೆ ಅದು ರಿಮ್ ತೋಟಾ. ಬೆರಳಿನಿಂದ ಬುಡವನ್ನು ಸವರಿದರೆ ಗೊತ್ತಾಗುತ್ತದೆ, ಉಗುರು ಸಿಕ್ಕಿಕೊಳ್ಳುತ್ತದೆ. ಉದಾಹರಣೆಗೆ 30-30 ವಿಂಚೆಸ್ಟರ್ ಅನ್ನುವ ತೋಟಾ ನೋಡಿ. ಬುಡದ ಹತ್ತಿರ ಕೇಸಿನ ಮೈ ಸುಮಾರು 10.7 ಮಿ.ಮೀ., ರಿಮ್ ಸುಮಾರು 12.8 ಮಿ.ಮೀ. ಅಂದರೆ ಸುತ್ತಲೂ ಒಂದು ಮಿಲಿಮೀಟರಿನಷ್ಟು ಅಂಚು. ರಿಮ್‌ನ ದಪ್ಪ ಸುಮಾರು 1.6 ಮಿ.ಮೀ.

ರಿಮ್ ಇಲ್ಲದ ತೋಟಾದಲ್ಲಿ ಬುಡದ ಸುತ್ತ ಒಂದು ತೋಡು ಕೊರೆದಿರುತ್ತಾರೆ. ಅದರ ಅಂಚು ಕೇಸಿನ ಮೈಗಿಂತ ಹೊರಗೆ ಬರುವುದಿಲ್ಲ.

ಯುರೋಪಿನ ಹೆಸರುಗಳಲ್ಲಿ ಕೊನೆಗೆ ಬರುವ ‘ಆರ್’ ಅಕ್ಷರ ಈ ಅಂಚನ್ನೇ ಸೂಚಿಸುತ್ತದೆ. ಜರ್ಮನ್ ಭಾಷೆಯಲ್ಲಿ ಅಂಚಿಗೆ ‘ರಾಂಡ್’ ಅನ್ನುತ್ತಾರೆ. ಮುಂದಿನ ಅಂಕಿಗಳು ಮಿ.ಮೀ.ನಲ್ಲಿ ಗುಂಡಿನ ದಪ್ಪ ಮತ್ತು ಕೇಸಿನ ಉದ್ದ. ಹಾಗಾಗಿ 7×57 ಅಂದರೆ ರಿಮ್ ಇಲ್ಲದ್ದು, 7×57ಆರ್ ಅಂದರೆ ರಿಮ್ ಇರುವುದು. ಬ್ರಿಟಿಷರು ಇದನ್ನು ‘ಫ್ಲ್ಯಾಂಜ್ಡ್’ ಅಂದರು. ಅಮೆರಿಕದ ಹೆಸರುಗಳಲ್ಲಿ ಇಂಥ ಗುರುತು ಇರುವುದಿಲ್ಲ, ತಿಳಿದುಕೊಂಡೇ ಇರಬೇಕು.

ಮ್ಯಾಗಜೀನ್ (ತೋಟಾ ತುಂಬಿಡುವ ಡಬ್ಬಿ) ಇರುವ ರೈಫಲ್‌ಗಳು ರಿಮ್ ಬಿಟ್ಟಿವೆಯಲ್ಲ, ಮತ್ತೆ ನಮಗೇಕೆ?

ಮ್ಯಾಗಜೀನ್ ರೈಫಲ್ ಅದನ್ನು ಬಿಟ್ಟಿದ್ದು ತನ್ನ ಕಷ್ಟಕ್ಕೆ. ಡಬ್ಬಿಯೊಳಗೆ ತೋಟಾಗಳು ಒಂದರ ಮೇಲೊಂದು ಕೂತಾಗ, ಮೇಲಿನದರ ರಿಮ್ ಕೆಳಗಿನದರ ರಿಮ್‌ನ ಹಿಂದೆ ಸಿಕ್ಕಿಕೊಂಡರೆ ಬೋಲ್ಟ್ (ತೋಟಾವನ್ನು ನಳಿಗೆಯೊಳಗೆ ನೂಕುವ ಸರಳು) ತಳ್ಳಿದಾಗ ಎರಡೂ ಜಾಮ್ ಆಗುತ್ತವೆ. ಒಂಟಿ ಈಡಿನ ರೈಫಲ್‌ನಲ್ಲಿ ಮ್ಯಾಗಜೀನೇ ಇಲ್ಲ. ಆ ತೊಂದರೆಯೂ ಇಲ್ಲ.

ಉಳಿಯುವುದು ಬರೀ ಲಾಭ. ಮುಖ್ಯವಾಗಿ ಎರಡು.

ಮೊದಲನೆಯದು, ಖಾಲಿ ಕೇಸ್ ಹೊರಗೆ ಬರುವ ಭರವಸೆ. ಮಡಚುವ ರೈಫಲ್, ಅಂದರೆ ಕೀಲಿನಲ್ಲಿ ನಳಿಗೆ ಬಗ್ಗುವಂಥದ್ದು, ತೆರೆದು ನಳಿಗೆಯ ಹಿಂಬದಿ ನೋಡಿ. ರಿಮ್ ತೋಟಾಕ್ಕೆ ಮಾಡಿದ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಹೊರತೆಗೆಯುವ ಭಾಗ) ಒಂದು ಗಟ್ಟಿ ಉಕ್ಕಿನ ತುಂಡು, ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ ಬಾಯಿಯ ಒಂದು ಭಾಗವೇ ಅದಾಗಿರುತ್ತದೆ. ರಿಮ್‌ನ ಕೆಳಗೆ ಅಗಲವಾಗಿ ಕೂತು, ನಳಿಗೆ ಬಗ್ಗಿದ ಕೂಡಲೇ ಕೇಸನ್ನು ಹಿಂದಕ್ಕೆ ತಳ್ಳುತ್ತದೆ. ಅದು ಜಾರುವ ಪ್ರಶ್ನೆಯೇ ಇಲ್ಲ. ರಿಮ್ ಇಲ್ಲದ ತೋಟಾಕ್ಕೆ ಮಾಡಿದ್ದರಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ನಾಲಿಗೆ ಇರುತ್ತದೆ. ತೋಟಾ ಒಳಗೆ ಹೋಗುವಾಗ ಅದು ಪಕ್ಕಕ್ಕೆ ಸರಿದು, ಆಮೇಲೆ ತೋಡಿನೊಳಗೆ ಕೂರಬೇಕು. ಚೊಕ್ಕಟವಾಗಿದ್ದಾಗ ಕೆಲಸ ಮಾಡುತ್ತದೆ. ಮಣ್ಣು, ಗಟ್ಟಿಯಾದ ಎಣ್ಣೆ, ಮಂಜು ಸೇರಿಕೊಂಡರೆ ಆ ನಾಲಿಗೆ ಪೂರ್ತಿ ಒಳಗೆ ಬರುವುದಿಲ್ಲ. ಕೇಸ್ ಸ್ವಲ್ಪ ಬಿಗಿಯಾಗಿ ಅಂಟಿಕೊಂಡಿತೋ, ನಾಲಿಗೆ ತೋಡಿನ ಮೇಲಿಂದ ಜಾರಿಬಿಡುತ್ತದೆ. ಆಗ ಕೇಸ್ ಚೇಂಬರಿನಲ್ಲೇ ಉಳಿಯುತ್ತದೆ, ಹಿಡಿಯಲು ಅಂಚೂ ಇಲ್ಲ. ಮುಂದಿನಿಂದ ಕಡ್ಡಿ ಹಾಕಿ ತಟ್ಟಬೇಕು. ನನಗೇ ಒಮ್ಮೆ ಹೀಗಾಗಿತ್ತು. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಸಫಾಯಿ ಕಡ್ಡಿಯ ಮೂರು ತುಂಡು ಜೋಡಿಸುತ್ತಾ ಕೂತ ಆ ಹತ್ತು ನಿಮಿಷ ಇನ್ನೂ ನೆನಪಿದೆ. ರಿಮ್ ಇದ್ದಿದ್ದರೆ ಉಗುರಿನಲ್ಲಾದರೂ, ಚಾಕುವಿನ ಬೆನ್ನಿನಲ್ಲಾದರೂ ಎಬ್ಬಿಸಬಹುದಿತ್ತು.

ಎರಡನೆಯದು, ತೋಟಾ ಚೇಂಬರಿನಲ್ಲಿ ಕೂರುವ ರೀತಿ. ರಿಮ್ ಒಂದು ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ. ಕೇಸಿನ ಭುಜ (ಮೈ ಕುತ್ತಿಗೆಗೆ ಕಿರಿದಾಗುವ ಜಾಗ) ಎಲ್ಲಿದೆ ಅನ್ನುವುದರ ಮೇಲೆ ಅದು ನಿಂತಿಲ್ಲ. ಹಾಗಾಗಿ ಚೇಂಬರಿನಲ್ಲಿ ಚೂರು ಕಸ ಇದ್ದರೂ ತೋಟಾ ಸಾಮಾನ್ಯವಾಗಿ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ.

ರಿಮ್ ಇಲ್ಲದ ತೋಟಾದ ಒಂಟಿ ಈಡಿನ ರೈಫಲ್ ಕೆಟ್ಟದ್ದಾ?

ಖಂಡಿತ ಅಲ್ಲ. ಈಗಿನ ಒಳ್ಳೆಯ ತಯಾರಕರ ನಾಲಿಗೆ ಎಕ್ಸ್‌ಟ್ರಾಕ್ಟರ್‌ಗಳು ವರ್ಷಗಟ್ಟಲೆ ಸರಿಯಾಗಿ ನಡೆಯುತ್ತವೆ. ನಿಮ್ಮ ಹತ್ತಿರ ಆಗಲೇ ರಿಮ್ ಇಲ್ಲದ ತೋಟಾದ ರಾಶಿ ಇದ್ದರೆ ಅದನ್ನೇ ಮುಂದುವರಿಸಿ. ಹೊಸದಾಗಿ ಶುರುಮಾಡುವವರು ನನ್ನನ್ನು ಕೇಳಿದರೆ ಮಾತ್ರ ರಿಮ್ ಅಂತಲೇ ಹೇಳುತ್ತೇನೆ.

‘ಹಗುರ’ ಅಂದರೆ ಎಷ್ಟು ಕಿಲೋ?

ಮಡಚುವ ಒಂಟಿ ನಳಿಗೆ ರೈಫಲ್‌ಗಳು ದುರ್ಬೀನು ಇಲ್ಲದೆ ಸುಮಾರು ಎರಡೂವರೆ ಕಿಲೋ ತೂಗುತ್ತವೆ. ದುರ್ಬೀನು, ಅದರ ಮೌಂಟ್, ಪಟ್ಟಿ, ಒಂದು ತೋಟಾ ಸೇರಿದರೆ ಮೂರು ಕಿಲೋ ಸುತ್ತಮುತ್ತ. ನಾನು ಲೆಕ್ಕ ಹಾಕುವುದು ಈ ಒಟ್ಟು ತೂಕಕ್ಕೆ. ಕ್ಯಾಟಲಾಗಿನ ತೂಕ ನೋಡಿ ಮೋಸ ಹೋಗಬೇಡಿ, ನಿಮ್ಮ ಭುಜಕ್ಕೆ ತಾಗುವುದು ಕಾಡಿಗೆ ಹೊತ್ತೊಯ್ಯುವ ರೈಫಲ್.

ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಬ್ಲಾಕ್ ಕೆಳಗಿಳಿದು ತೆರೆಯುವ ರೈಫಲ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಭಾರ. ಜಾನ್ ಬ್ರೌನಿಂಗ್ ರೂಪಿಸಿದ 1885ರ ವಿಂಚೆಸ್ಟರ್ ಮತ್ತು 1872ರಲ್ಲಿ ಪೇಟೆಂಟ್ ಆದ ಫರ್ಕರ್‌ಸನ್ ಆ ಜಾತಿಯವು.

ಒದೆತ ಎಷ್ಟಿರುತ್ತದೆ? ಲೆಕ್ಕ ಹಾಕಬಹುದಾ?

ಹಾಕಬಹುದು, ಹಾಕಲೇಬೇಕು. ತೋಟಾ ಆರಿಸುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ. ಮದ್ದಿನ ತೂಕವನ್ನು ಸೆಕೆಂಡಿಗೆ ಸುಮಾರು 1200 ಮೀಟರ್‌ನಿಂದ ಗುಣಿಸಿ, ಯಾಕೆಂದರೆ ಉರಿದ ಹೊಗೆ ಗುಂಡಿಗಿಂತ ಜೋರಾಗಿ ಹೊರಗೆ ನುಗ್ಗುತ್ತದೆ. ಎರಡನ್ನೂ ಕೂಡಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ರೈಫಲ್ ತೂಕದ ಎರಡರಷ್ಟರಿಂದ ಭಾಗಿಸಿ. ಉತ್ತರ ಜೂಲ್‌ನಲ್ಲಿ ಬರುತ್ತದೆ.

7×57ಆರ್ ನೋಡೋಣ. 9 ಗ್ರಾಂ ಗುಂಡು, ಸೆಕೆಂಡಿಗೆ 800 ಮೀಟರ್ ಅಂದುಕೊಳ್ಳಿ. 0.009 ಗುಣಿಸು 800, ಅಂದರೆ 7.2. ಮದ್ದು 3 ಗ್ರಾಂ, 0.003 ಗುಣಿಸು 1200, ಅಂದರೆ 3.6. ಒಟ್ಟು 10.8. ರೈಫಲ್ ಮೂರು ಕಿಲೋ ಇದ್ದರೆ ಒದೆತ ಸುಮಾರು 19 ಜೂಲ್. ಅದೇ ತೋಟಾ ನಾಲ್ಕು ಕಿಲೋ ರೈಫಲ್‌ನಲ್ಲಿ 15 ಜೂಲ್‌ಗಿಂತ ಸ್ವಲ್ಪ ಕಡಿಮೆ. ಒಂದು ಕಿಲೋ ಇಳಿಸಿದ್ದಕ್ಕೆ ಒದೆತ ಮೂರನೇ ಒಂದು ಭಾಗ ಏರಿತು.

ಮೂರು ಕಿಲೋ ರೈಫಲ್‌ಗೆ ಇದೇ ರೀತಿ ಮಿಕ್ಕವನ್ನೂ ಲೆಕ್ಕ ಹಾಕಿದರೆ, .22 ಹಾರ್ನೆಟ್ 2 ಜೂಲ್ ಆಸುಪಾಸು. 30-30 ವಿಂಚೆಸ್ಟರ್ 15. 6.5×57ಆರ್ 17. .303 ಬ್ರಿಟಿಷ್ 23. 7×65ಆರ್ ಮತ್ತು 8×57ಐಆರ್‌ಎಸ್ ಎರಡೂ 28 ಹತ್ತಿರ. 45-70ಕ್ಕೆ ಮಧ್ಯಮ ತೋಟಾ ಹಾಕಿದರೂ 35 ದಾಟುತ್ತದೆ. 9.3×74ಆರ್ 50 ಮುಟ್ಟುತ್ತದೆ. ಗುಂಡು, ಮದ್ದು ಬದಲಾದಂತೆ ಇವೂ ಸ್ವಲ್ಪ ಬದಲಾಗುತ್ತವೆ. ಆದರೆ ಯಾವುದು ಯಾರ ಮೇಲೆ ಅನ್ನುವುದು ಬದಲಾಗುವುದಿಲ್ಲ.

ನನ್ನ ಮಿತಿ ಹೇಳುತ್ತೇನೆ. ಮೂರು ಕಿಲೋ ರೈಫಲ್‌ನಲ್ಲಿ 20 ಜೂಲ್ ತನಕ ಹೆಚ್ಚಿನವರು ಕಣ್ಣು ಮುಚ್ಚದೆ ಟ್ರಿಗರ್ ಎಳೆಯುತ್ತಾರೆ. 28ಕ್ಕೆ ಬಂದಾಗ ಅಭ್ಯಾಸ ಬೇಕು. 35 ದಾಟಿದ ಮೇಲೆ ಬಹಳ ಜನ ಟ್ರಿಗರ್ ಎಳೆಯುವ ಮುಂಚೆಯೇ ಭುಜ ಮುಂದಕ್ಕೆ ತಳ್ಳುತ್ತಾರೆ, ಅದು ಅವರಿಗೇ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ. ಗುಂಡು ಹೊಡೆಯುವ ಕಟ್ಟೆಯಲ್ಲಿ ಗೆಳೆಯರೊಬ್ಬರು ನಿಮಗೆ ಕಾಣದಂತೆ ಕೆಲವು ಸಲ ತೋಟಾ, ಕೆಲವು ಸಲ ಡಮ್ಮಿ ಹಾಕಿ ಕೊಡಲಿ. ಡಮ್ಮಿ ಬಂದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ಒದೆತಕ್ಕೆ ಹೆದರಿದ್ದೀರಿ ಅಂತ ಅರ್ಥ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಮೈ ಹಾಗೆಯೇ ಇರುವುದು.

ಒಂದೇ ಈಡು ಇರುವ ರೈಫಲ್‌ನಲ್ಲಿ ಈ ಕುಕ್ಕು ದುಬಾರಿ. ಗಾಯಗೊಂಡು ಓಡಿಹೋದ ಪ್ರಾಣಿ ನರಳಿ ಸಾಯುತ್ತದೆ. ಆ ನೋವಿನ ಹೊಣೆ ಟ್ರಿಗರ್ ಎಳೆದವರದ್ದೇ.

ಹಾಗಾದರೆ ಒಂದೇ ಒಂದು ತೋಟಾ ಹೇಳಿ ಅಂದರೆ?

7×57ಆರ್.

ಇದರ ರಿಮ್ ಇಲ್ಲದ ಅಣ್ಣ 7×57 ಮೌಸರ್ 1892ರದ್ದು. ಒಂಟಿ ನಳಿಗೆ, ಜೋಡಿ ನಳಿಗೆ ರೈಫಲ್‌ಗಳಿಗೆ ಅಂತ ರಿಮ್ ಇರುವ ತಮ್ಮ ಹುಟ್ಟಿದ್ದು ಅದರ ಬೆನ್ನಿಗೇ. ನೂರು ವರ್ಷ ದಾಟಿದರೂ ಬೇಡಿಕೆ ಹೋಗಿಲ್ಲ. 9ರಿಂದ 11 ಗ್ರಾಂ ಗುಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 7 ಮಿ.ಮೀ. ಗುಂಡು ಉದ್ದಕ್ಕೆ ತೆಳ್ಳಗಿರುವುದರಿಂದ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಮಾಂಸದಲ್ಲಿ ಆಳಕ್ಕೆ ಇಳಿಯುತ್ತದೆ. ಚಿಕ್ಕ ಜಿಂಕೆಯಿಂದ ಹಿಡಿದು ಕಾಡುಹಂದಿ, ಕೆಂಪು ಜಿಂಕೆಯ ತನಕ ಇದರ ಕೆಲಸ ನಡೆಯುತ್ತದೆ. 100 ಮೀಟರಿನಲ್ಲಿ ಗುರಿಗಿಂತ ನಾಲ್ಕು ಸೆಂ.ಮೀ. ಮೇಲೆ ಬೀಳುವಂತೆ ದುರ್ಬೀನು ಹೊಂದಿಸಿದರೆ, 200 ಮೀಟರಿನ ತನಕ ಗುರಿ ಎತ್ತುವ ಯೋಚನೆ ಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಹಗುರ ರೈಫಲ್‌ನಲ್ಲೂ ಇದು ತಡೆಯುವಂತೆ ಒದೆಯುತ್ತದೆ. ಒಂದೇ ಬೆಳಗ್ಗೆ ಇಪ್ಪತ್ತು ಈಡು ಹೊಡೆದು ಅಭ್ಯಾಸ ಮಾಡಬಹುದು. ಅಭ್ಯಾಸ ಮಾಡಲಾಗದ ತೋಟಾ ಎಷ್ಟು ಬಲವಾಗಿದ್ದರೂ ಉಪಯೋಗವೇನು, ಅಲ್ವಾ?

ಬೇಟೆ ಬರೀ ಸಣ್ಣ, ಮಧ್ಯಮ ಜಿಂಕೆ ಆಗಿದ್ದರೆ 6.5×57ಆರ್ ಕೂಡ ಅಷ್ಟೇ ಚೆಂದ. ಒದೆತ ಇನ್ನೂ ಸ್ವಲ್ಪ ಕಡಿಮೆ. ಆದರೆ ತೋಟಾಗಳ ಆಯ್ಕೆ ಕಿರಿದು.

7×65ಆರ್ ಇನ್ನೂ ಬಲವಾಗಿದೆಯಲ್ಲ, ಅದೇ ಬೇಡವೇ?

7×65ಆರ್ ಒಳ್ಳೆಯ ತೋಟಾ. ವಿಲ್‌ಹೆಲ್ಮ್ ಬ್ರೆನ್ನೆಕೆ 1917ರಲ್ಲಿ ತಂದ 7×64ರ ರಿಮ್ ರೂಪ. ಬೆಟ್ಟದಲ್ಲಿ, ಬಯಲಿನಲ್ಲಿ, 200 ಮೀಟರ್ ಆಚೆ ಹೊಡೆಯುವ ಪ್ರಮೇಯ ನಿಜಕ್ಕೂ ಬರುವವರಿಗೆ ಇದರ ಲಾಭ ಇದೆ. ಸುಮ್ನೆ ಇರಲಿ ಅಂತ ತೆಗೆದುಕೊಳ್ಳುವವರಿಗೆ ಸಿಗುವುದು ಜಾಸ್ತಿ ಸದ್ದು, ಒಂದೂವರೆ ಪಟ್ಟು ಒದೆತ. ನಿಮ್ಮ ಹಿಂದಿನ ಹತ್ತು ಬೇಟೆಯ ದೂರ ನೆನಪಿಸಿಕೊಳ್ಳಿ. ಎಲ್ಲವೂ 150 ಮೀಟರ್ ಒಳಗೆ ಇದ್ದರೆ ಉತ್ತರ ಅಲ್ಲೇ ಇದೆ. .30ಆರ್ ಬ್ಲೇಸರ್‌ಗೂ ಇದೇ ಮಾತು.

30-30 ವಿಂಚೆಸ್ಟರ್ ಹಳೇ ಲಿವರ್ ರೈಫಲ್‌ನ ತೋಟಾ ಅಲ್ವಾ? ಒಂಟಿ ಈಡಿಗೆ ಸರಿಹೋದೀತೇ?

ಸರಿಹೋಗುವುದಷ್ಟೇ ಅಲ್ಲ, ಒಂಟಿ ಈಡಿನ ರೈಫಲ್‌ನಲ್ಲಿ ಅದಕ್ಕೆ ಒಂದು ಸಂಕೋಲೆ ಕಳಚುತ್ತದೆ. 1895ರಿಂದ ಈ ತೋಟಾ ಹೆಚ್ಚಾಗಿ ಓಡಿರುವುದು ಕೊಳವೆ ಮ್ಯಾಗಜೀನ್ ಇರುವ ಲಿವರ್ ರೈಫಲ್‌ಗಳಲ್ಲಿ. ಆ ಕೊಳವೆಯಲ್ಲಿ ಒಂದು ತೋಟಾದ ಮೂತಿ ಮುಂದಿನದರ ಕೇಪಿಗೆ, ಅಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಬಟ್ಟಲಿಗೆ, ತಾಗಿಕೊಂಡಿರುತ್ತದೆ. ಮೂತಿ ಗಟ್ಟಿ ಚೂಪಾಗಿದ್ದರೆ ಒದೆತಕ್ಕೆ ಕೇಪು ಸಿಡಿಯಬಹುದು. ಅದಕ್ಕೇ ಚಪ್ಪಟೆ ಮೂತಿಯ ಗುಂಡು. ಚಪ್ಪಟೆ ಮೂತಿಗೆ ಗಾಳಿ ಜಾಸ್ತಿ ತಡೆ ಒಡ್ಡುತ್ತದೆ, ವೇಗ ಬೇಗ ಬೀಳುತ್ತದೆ.

ನಿಮ್ಮ ರೈಫಲ್‌ನಲ್ಲಿ ಕೊಳವೆ ಇಲ್ಲ. ಸ್ವಂತ ತೋಟಾ ತುಂಬಿಕೊಳ್ಳುವವರು ಚೂಪು ಗುಂಡು ಹಾಕಬಹುದು, ಪ್ರಕಟಿತ ಕೋಷ್ಟಕ ನೋಡಿಕೊಂಡು. ಒಂದೇ ಎಚ್ಚರ: ಆ ಚೂಪು ತೋಟಾಗಳು ಮನೆಯಲ್ಲಿರುವ ಲಿವರ್ ರೈಫಲ್‌ನ ಕೊಳವೆಗೆ ಹೋಗದಂತೆ ಬೇರೆ ಡಬ್ಬಿಯಲ್ಲಿಟ್ಟು, ಮೇಲೆ ದೊಡ್ಡದಾಗಿ ಬರೆದಿಡಿ.

ನನ್ನ ಕಣ್ಣಿಗೆ ಇದು 150 ಮೀಟರ್ ಒಳಗಿನ ಕಾಡಿಗೆ ಹೇಳಿ ಮಾಡಿಸಿದ ತೋಟಾ. ಮೆತ್ತಗೆ ಒದೆಯುತ್ತದೆ, ಗಿಡ್ಡ ನಳಿಗೆಯಲ್ಲೂ ಚೆನ್ನಾಗಿ ನಡೆಯುತ್ತದೆ. ಮೊದಲ ಸಲ ಬೇಟೆ ಕಲಿಯುವವರಿಗೆ 7×57ಆರ್ ಸಿಗದಿದ್ದರೆ ಇದನ್ನೇ ಕೊಡಿ.

ಶಕ್ತಿಯ ಬಗ್ಗೆ ಕಾನೂನು ಇರುತ್ತದಾ?

ಅನೇಕ ದೇಶಗಳಲ್ಲಿ ಇರುತ್ತದೆ. ಜರ್ಮನಿಯದ್ದು ಒಳ್ಳೆಯ ಉದಾಹರಣೆ. ಅಲ್ಲಿ ರೋ ಜಿಂಕೆಗೆ (ಯುರೋಪಿನ ಒಂದು ಚಿಕ್ಕ ಜಿಂಕೆ) 100 ಮೀಟರಿನಲ್ಲಿ ಕನಿಷ್ಠ 1000 ಜೂಲ್ ಉಳಿದಿರಬೇಕು. ಕೆಂಪು ಜಿಂಕೆ, ಕಾಡುಹಂದಿಯಂಥವಕ್ಕೆ ಕನಿಷ್ಠ 6.5 ಮಿ.ಮೀ. ಗುಂಡು, 100 ಮೀಟರಿನಲ್ಲಿ 2000 ಜೂಲ್. ಈ ಗೆರೆ ಎಳೆದು ನೋಡಿದರೆ ಕೆಲವು ಸಂಗತಿ ಸ್ಪಷ್ಟವಾಗುತ್ತವೆ. 30-30ರ ಮಾಮೂಲಿ ಕಾರ್ಖಾನೆ ತೋಟಾ 100 ಮೀಟರಿನಲ್ಲಿ 1800 ಜೂಲ್ ಹತ್ತಿರ ನಿಲ್ಲುತ್ತದೆ, ದಾಟುವುದಿಲ್ಲ. 7×57ಆರ್ ಆರಾಮಾಗಿ ದಾಟುತ್ತದೆ. .22 ಹಾರ್ನೆಟ್ ನಳಿಗೆಯ ತುದಿಯಲ್ಲೇ 1000 ಜೂಲ್ ಆಸುಪಾಸು ಇರುವುದರಿಂದ ರೋ ಜಿಂಕೆಯ ಗೆರೆಯನ್ನೂ ಮುಟ್ಟುವುದಿಲ್ಲ.

ನೀವು ಇರುವ ಜಾಗದಲ್ಲಿ ಬೇಟೆಗೆ ಅನುಮತಿ ಇದೆಯೇ, ಯಾವ ಪ್ರಾಣಿಗೆ ಯಾವ ತೋಟಾ ಎಂಬುದನ್ನು ರೈಫಲ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

.303 ಬ್ರಿಟಿಷ್, 7.62×54ಆರ್ ಹೇಗೆ?

ಎರಡೂ ಹಳೆಯ ಸೇನಾ ತೋಟಾಗಳು. .303 ಬಂದದ್ದು 1888ರಲ್ಲಿ, 7.62×54ಆರ್ 1891ರಲ್ಲಿ. ಎರಡನೆಯದು ಇವತ್ತಿಗೂ ಸೇನೆಗಳಲ್ಲಿ ಬಳಕೆಯಲ್ಲಿದೆ. ಜಿಂಕೆ, ಹಂದಿಗೆ ಎರಡೂ ಧಾರಾಳ ಸಾಕು. ನೆನಪಿಡಬೇಕಾದ್ದು ಗುಂಡಿನ ಅಳತೆ. ಹೆಸರಿನಲ್ಲಿ ಏನೇ ಇದ್ದರೂ ಇವುಗಳ ಗುಂಡು 0.311 ಇಂಚಿನ ಆಸುಪಾಸು. 30-30ಕ್ಕೆ ಬಳಸುವ 0.308 ಇಂಚಿನ ಗುಂಡು ಇಲ್ಲಿ ಸಡಿಲ, ಗುರಿ ಚದುರುತ್ತದೆ. ಇನ್ನೊಂದು, ಸೇನೆಯ ಪೂರ್ತಿ ಕವಚದ ಗುಂಡನ್ನು ಬೇಟೆಗೆ ಬಳಸಬೇಡಿ. ಅದು ಅರಳದೆ ಸೂಜಿಯಂತೆ ತೂರಿಹೋಗುತ್ತದೆ, ಪ್ರಾಣಿ ತಕ್ಷಣ ಬೀಳುವುದಿಲ್ಲ.

ಸಣ್ಣ ಬೇಟೆಗೆ ಯಾವುದು?

ನರಿ, ಮೊಲ, ಬೆಳೆ ತಿನ್ನುವ ಸಣ್ಣ ಪ್ರಾಣಿಗಳಿಗೆ .22 ಹಾರ್ನೆಟ್. ಸದ್ದು ಕಡಿಮೆ, ಒದೆತ ಇಲ್ಲವೆಂದೇ ಹೇಳಬಹುದು. ಇದರ ನಳಿಗೆಯ ಸುರುಳಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು, ಅಂದರೆ ನಿಧಾನ. ಉದ್ದ, ಭಾರದ ಗುಂಡು ಹಾಕಿದರೆ ಅದು ಹಾರುವಾಗ ಹೊರಳಿ ಕಾಗದದ ಮೇಲೆ ಅಡ್ಡಡ್ಡ ತೂತು ಮಾಡುತ್ತದೆ. 45 ಗ್ರೇನ್, ಅಂದರೆ ಸುಮಾರು 2.9 ಗ್ರಾಂ ಸುತ್ತಮುತ್ತ ಇರಿ. ರೋ ಜಿಂಕೆಯಷ್ಟು ದೊಡ್ಡದನ್ನೂ ಸೇರಿಸಬೇಕೆಂದರೆ 5.6×50ಆರ್ ಮ್ಯಾಗ್ನಮ್ ನೋಡಿ.

ಹಗುರ ರೈಫಲ್‌ನಲ್ಲಿ 9.3×74ಆರ್ ಅಥವಾ 45-70 ತೆಗೆದುಕೊಳ್ಳಲೇ?

9.3×74ಆರ್ ನನಗೆ ತುಂಬಾ ಇಷ್ಟದ ತೋಟಾ. 18.5 ಗ್ರಾಂ ಗುಂಡು ಸೆಕೆಂಡಿಗೆ 700 ಮೀಟರಿನಷ್ಟು ವೇಗದಲ್ಲಿ ಹೋಗಿ ದೊಡ್ಡ ಹಂದಿಯನ್ನು ನಿಂತಲ್ಲೇ ಮಲಗಿಸುತ್ತದೆ. ಆದರೆ ಅದರ ಜಾಗ ಮೂರೂವರೆ, ನಾಲ್ಕು ಕಿಲೋ ತೂಗುವ ಜೋಡಿ ನಳಿಗೆ ರೈಫಲ್. ಮೂರು ಕಿಲೋ ಒಂಟಿ ನಳಿಗೆಯಲ್ಲಿ 50 ಜೂಲ್ ಒದೆತ ಅಂದರೆ ದುರ್ಬೀನಿನ ಅಂಚು ಹುಬ್ಬಿಗೆ ಬಡಿಯುವ ಮಟ್ಟ. ಬೇಡ.

45-70 ಬೇರೆ ಕಥೆ. 1873ರ ಈ ತೋಟಾದ ಹೆಸರೇ ಅದರ ಲೆಕ್ಕ: 0.45 ಇಂಚು, 70 ಗ್ರೇನ್ ಕಪ್ಪು ಮದ್ದು. ಇವತ್ತು ಇದೇ ಕೇಸಿನಲ್ಲಿ ಮೆತ್ತಗಿನ ತೋಟಾವೂ ಸಿಗುತ್ತದೆ, ಸಿಡಿಲಿನಂಥದ್ದೂ ಸಿಗುತ್ತದೆ. ಮೆತ್ತಗಿನದನ್ನು ಹಾಕಿಕೊಂಡು 100 ಮೀಟರ್ ಒಳಗೆ ಬೇಟೆಯಾಡುವವರಿಗೆ ಹಗುರ ರೈಫಲ್ ಕೂಡ ಆಗುತ್ತದೆ. ಅಪಾಯ ಇರುವುದು ಡಬ್ಬಿ ಅದಲುಬದಲಾಗುವಲ್ಲಿ. ಹೊಸ ಗಟ್ಟಿ ರೈಫಲ್‌ಗೆ ಮಾಡಿದ ತೋಟಾ 1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್‌ನಂಥ ಹಳೆಯ ರೈಫಲ್‌ನಲ್ಲೂ ಸಲೀಸಾಗಿ ಕೂರುತ್ತದೆ. ಹೊಡೆದರೆ ರೈಫಲ್ ಒಡೆಯಬಹುದು, ಮುಖದ ಹತ್ತಿರವೇ.

8×57ರಲ್ಲಿ ಐಆರ್, ಐಆರ್‌ಎಸ್ ಅಂತ ಎರಡು ಯಾಕೆ?

ಈ ಪ್ರಶ್ನೆಯನ್ನು ದಯವಿಟ್ಟು ನಿಧಾನವಾಗಿ ಓದಿ. ಐಆರ್‌ನ ಗುಂಡು 0.318 ಇಂಚು. ಐಆರ್‌ಎಸ್‌ನ ಗುಂಡು 0.323 ಇಂಚು. ‘ಎಸ್’ ಇದ್ದರೆ ದಪ್ಪ ಗುಂಡು. ದಪ್ಪ ಗುಂಡನ್ನು ತೆಳು ನಳಿಗೆಯಲ್ಲಿ ಹೊಡೆದರೆ ಒತ್ತಡ ಹದ್ದು ಮೀರುತ್ತದೆ. ಕೇಸುಗಳು ನೋಡಲು ಅವಳಿಜವಳಿ, ಕಣ್ಣಿನಿಂದ ಬೇರೆ ಮಾಡಲು ಆಗುವುದಿಲ್ಲ. ‘ಐ’ ಬದಲು ‘ಜೆ’ ಅಂತ ಕೆತ್ತಿರುವ ರೈಫಲ್‌ಗಳೂ ಇವೆ, ಎರಡೂ ಒಂದೇ. ನಳಿಗೆಯ ಕೆಳಗಿನ ಮುದ್ರೆ ಓದಿ. ಅನುಮಾನ ಇದ್ದರೆ ಬಂದೂಕು ರಿಪೇರಿಯವರ ಹತ್ತಿರ ನಳಿಗೆಯ ಒಳಅಳತೆ ತೆಗೆಸಿ. ಅಳತೆ ಕೈಗೆ ಬರುವ ತನಕ ಒಂದು ಈಡೂ ಬೇಡ.

ರಿಮ್ ತೋಟಾದ ಒತ್ತಡ ಯಾಕೆ ಕಡಿಮೆ ಇಟ್ಟಿದ್ದಾರೆ?

ಮಡಚುವ ರೈಫಲ್‌ನ ಮೇಲಿನ ಮರ್ಯಾದೆಗೆ. ಬಂದೂಕು, ತೋಟಾಗಳಿಗೆ ಮಿತಿ ಗೊತ್ತುಮಾಡುವ ಯುರೋಪಿನ ಸಿಐಪಿ ಸಂಸ್ಥೆಯ ಮಾನದಂಡದಲ್ಲಿ 7×57ಕ್ಕೆ 3900 ಬಾರ್ ಒತ್ತಡ, 7×57ಆರ್‌ಗೆ 3400 ಬಾರ್. 7×64ಕ್ಕೆ 4150, 7×65ಆರ್‌ಗೆ 3800. 8×57ಐಎಸ್‌ಗೆ 3900, ಐಆರ್‌ಎಸ್‌ಗೆ ಅದಕ್ಕಿಂತ ಕಡಿಮೆ. ಹಳೆಯ ಮಡಚುವ ಕೋವಿಗಳ ಕೀಲು, ಬೀಗ ಬೋಲ್ಟಿನಷ್ಟು ಗಟ್ಟಿಯಲ್ಲ. ಆ ಹಳೆಯವೂ ಬಾಳಲಿ ಅಂತ ಈ ಮಿತಿ. ಲೆಕ್ಕದಲ್ಲಿ ಸ್ವಲ್ಪ ವೇಗ ಕಡಿಮೆಯಾಗುತ್ತದೆ, ನಿಜ. ಬದಲಿಗೆ ಕೇಸ್ ಚೇಂಬರಿಗೆ ಅಂಟಿಕೊಳ್ಳುವುದೂ ಕಡಿಮೆ. ಆ ವ್ಯಾಪಾರ ನನಗೆ ಒಪ್ಪಿಗೆ.

ಅದಕ್ಕೇ ಸ್ವಂತ ತುಂಬುವವರಿಗೆ ಒಂದು ಮಾತು. 7×57ರ ಕೋಷ್ಟಕ ನೋಡಿ 7×57ಆರ್ ತುಂಬಬೇಡಿ.

ನಳಿಗೆ ಎಷ್ಟು ಉದ್ದ ಇರಲಿ?

ಒಂಟಿ ಈಡಿನ ರೈಫಲ್‌ನಲ್ಲಿ ಬೋಲ್ಟ್ ಹಿಂದೆ ಮುಂದೆ ಓಡಾಡುವ ಜಾಗ ಬೇಕಿಲ್ಲ. ಹಾಗಾಗಿ 60 ಸೆಂ.ಮೀ. ನಳಿಗೆ ಇದ್ದರೂ ಇಡೀ ರೈಫಲ್ ಬೋಲ್ಟ್ ರೈಫಲ್‌ಗಿಂತ ಹತ್ತು ಸೆಂ.ಮೀ.ನಷ್ಟು ಗಿಡ್ಡ. ಈ ಲಾಭ ಇರುವಾಗ ನಳಿಗೆಯನ್ನು ಇನ್ನೂ ಕತ್ತರಿಸುವುದು ಯಾಕೆ? 30-30, 7×57ಆರ್‌ಗೆ 55 ಸೆಂ.ಮೀ. ಸಾಕು. 7×65ಆರ್‌ನಲ್ಲಿ ಮದ್ದು ಜಾಸ್ತಿ, 60ಕ್ಕಿಂತ ಕಡಿಮೆ ಮಾಡಿದರೆ ವೇಗವೂ ಹೋಗುತ್ತದೆ, ಕಿವಿಗೆ ಬಡಿಯುವ ಸದ್ದೂ ಏರುತ್ತದೆ.

ಸ್ವಂತ ತೋಟಾ ತುಂಬುವಾಗ ರಿಮ್ ಕೇಸಿಗೆ ಬೇರೆ ನಿಯಮ ಇದೆಯೇ?

ಇದೆ, ಮತ್ತು ಬಹಳ ಜನ ಇಲ್ಲೇ ಕೇಸ್ ಹಾಳುಮಾಡಿಕೊಳ್ಳುತ್ತಾರೆ. ತೋಟಾ ರಿಮ್ ಮೇಲೆ ಕೂರುವುದರಿಂದ ಚೇಂಬರ್ ಕೊರೆಯುವವರು ಭುಜದ ಹತ್ತಿರ ಧಾರಾಳ ಜಾಗ ಬಿಡುತ್ತಾರೆ. ಮೊದಲ ಈಡಿಗೆ ಕೇಸ್ ಮುಂದಕ್ಕೆ ಉಬ್ಬಿ ಆ ಜಾಗ ತುಂಬುತ್ತದೆ. ನೀವು ಡೈಯನ್ನು (ಕೇಸನ್ನು ಮತ್ತೆ ಅಳತೆಗೆ ಒತ್ತುವ ಅಚ್ಚು) ಕೊನೆಯ ತನಕ ತಿರುಗಿಸಿ ಕೇಸ್ ಒತ್ತಿದರೆ ಭುಜ ಮತ್ತೆ ಹಿಂದಕ್ಕೆ ಹೋಗುತ್ತದೆ. ಮುಂದಿನ ಈಡಿಗೆ ಮತ್ತೆ ಮುಂದಕ್ಕೆ. ಹೀಗೆ ಎಳೆದಾಡಿದಂತೆ ಬುಡದಿಂದ ಸ್ವಲ್ಪ ಮೇಲೆ ಹಿತ್ತಾಳೆ ತೆಳುವಾಗುತ್ತಾ ಹೋಗಿ ಒಂದು ದಿನ ಕೇಸ್ ಎರಡು ತುಂಡಾಗುತ್ತದೆ.

ಪರೀಕ್ಷೆ ಮಾಡುವ ರೀತಿ ಹೀಗೆ. ಒಂದು ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಎರಡು ಮಿಲಿಮೀಟರಿನಷ್ಟು ಅಡ್ಡಕ್ಕೆ ಬಗ್ಗಿಸಿ, ಚೂಪು ಮಾಡಿ. ಖಾಲಿ ಕೇಸಿನ ಕುತ್ತಿಗೆಯಿಂದ ಒಳಗಿಳಿಸಿ, ತುದಿಯನ್ನು ಗೋಡೆಗೆ ಒತ್ತಿಕೊಂಡು ಬುಡದಿಂದ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಗೋಡೆ ನುಣುಪಾಗಿದ್ದರೆ ತಂತಿ ಜಾರುತ್ತದೆ. ಬುಡದ ಹತ್ತಿರ ಒಂದು ಸಣ್ಣ ತಗ್ಗಿಗೆ ಬಿದ್ದಂತೆ ಟಕ್ ಅಂತ ಬೆರಳಿಗೆ ತಿಳಿದರೆ ಆ ಕೇಸನ್ನು ಇಕ್ಕಳದಲ್ಲಿ ಜಜ್ಜಿ ಎಸೆಯಿರಿ. ಹೊರಗೆ ಅದೇ ಜಾಗದಲ್ಲಿ ತೆಳುವಾದ ಹೊಳಪಿನ ಉಂಗುರವೂ ಕಾಣಬಹುದು.

ಪರಿಹಾರ ಸುಲಭ. ನಿಮ್ಮ ರೈಫಲ್‌ನಲ್ಲಿ ಹೊಡೆದ ಕೇಸನ್ನು, ನಳಿಗೆ ಮುಚ್ಚಿಕೊಳ್ಳುವಷ್ಟು ಮಾತ್ರ ಒತ್ತಿ. ಭುಜ ಇದ್ದಲ್ಲೇ ಇರಲಿ. ಕೇಸ್ ಎಷ್ಟೋ ಸಲ ಹೆಚ್ಚು ಬಾಳುತ್ತದೆ.

ಇನ್ನೊಂದು ಖುಷಿಯ ವಿಷಯ. ಮ್ಯಾಗಜೀನ್ ಉದ್ದದ ಮಿತಿ ಇಲ್ಲದಿರುವುದರಿಂದ ಗುಂಡನ್ನು ಸ್ವಲ್ಪ ಹೊರಗೆ ಕೂರಿಸಿ ನೋಡಬಹುದು. ನಳಿಗೆಯ ಗೀರಿಗೆ ತಾಗದಷ್ಟು ಮಾತ್ರ.

ತೆಳು ನಳಿಗೆ ಬಿಸಿಯಾದರೆ ಗುರಿ ಸರಿಯುತ್ತದಂತೆ?

ಸರಿಯುತ್ತದೆ. ಮೂರನೇ, ನಾಲ್ಕನೇ ಈಡಿಗೆ ಕಾಗದದ ಮೇಲಿನ ತೂತು ಒಂದು ಕಡೆಗೆ ನಡೆಯತೊಡಗಿದರೆ ತೋಟಾವನ್ನು ಬೈಯಬೇಡಿ. ಬೇಟೆಯಲ್ಲಿ ಬೇಕಾದ್ದು ತಣ್ಣಗಿನ ನಳಿಗೆಯ ಮೊದಲ ಈಡು. ನಾನು ಮಾಡುವುದು ಹೀಗೆ: ಒಂದೇ ಕಾಗದವನ್ನು ಐದು ದಿನ ಒಯ್ಯುತ್ತೇನೆ, ದಿನಕ್ಕೆ ಒಂದೇ ತಣ್ಣನೆ ಈಡು ಅದರ ಮೇಲೆ. ಐದನೇ ದಿನ ಆ ಐದು ತೂತು ಎಷ್ಟು ಹತ್ತಿರ ಇವೆಯೋ ಅದೇ ರೈಫಲ್‌ನ ನಿಜವಾದ ಗುರಿ. ಒಂದೇ ಕೂಟಕ್ಕೆ ಹತ್ತು ಈಡು ಹೊಡೆದ ಚಿತ್ರಕ್ಕಿಂತ ನಾನು ಇದನ್ನು ನಂಬುತ್ತೇನೆ.

ಹೊಡೆಯುವಾಗ ಮುಂಗೈ ಮರದ ಕೆಳಗೆ ಮೆತ್ತಗಿನ ಚೀಲ ಇರಲಿ, ನಳಿಗೆ ಯಾವುದಕ್ಕೂ ತಾಗಬಾರದು. ಹಗುರ ಮಡಚುವ ರೈಫಲ್‌ಗಳು ಈ ವಿಷಯದಲ್ಲಿ ಬಹಳ ನಾಜೂಕು.

ಹಳೆಯ ರೈಫಲ್ ಸಿಕ್ಕಿದೆ, ಮೇಲೆ ತೋಟಾದ ಹೆಸರೂ ಇದೆ. ಹೊಡೆಯಬಹುದಾ?

ಹೆಸರು ಓದಿದ್ದು ಸಾಲದು. ಚೇಂಬರಿನ ಅಳತೆ, ಕೀಲಿನ ಸಡಿಲ, ನಳಿಗೆಯ ಒಳಗೆ ತುಕ್ಕು, ಮೂರನ್ನೂ ತಿಳಿದವರಿಂದ ನೋಡಿಸಿ. ನೂರು ವರ್ಷದಲ್ಲಿ ಯಾರಾದರೂ ಚೇಂಬರ್ ಮತ್ತೆ ಕೊರೆಸಿರಬಹುದು.

ಎಷ್ಟು ತೋಟಾ ಒಟ್ಟಿಗೆ ಕೊಳ್ಳಲಿ?

ರಿಮ್ ತೋಟಾ ಎಲ್ಲ ಕಡೆ ಸಿಗುವುದಿಲ್ಲ, ರಿಮ್ ಇಲ್ಲದ್ದಕ್ಕಿಂತ ಬೆಲೆಯೂ ಹೆಚ್ಚು. ಮೊದಲು ಎರಡು ಮೂರು ಬಗೆಯ ಒಂದೊಂದು ಡಬ್ಬಿ ತಂದು ಹೊಡೆದು ನೋಡಿ. ನಿಮ್ಮ ನಳಿಗೆಗೆ ಒಪ್ಪಿದ್ದು ಗೊತ್ತಾದ ಮೇಲೆ ಒಂದೇ ಲಾಟ್ ಸಂಖ್ಯೆಯ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಿ. ಲಾಟ್ ಬದಲಾದಾಗ ಗುಂಡು ಬೀಳುವ ಜಾಗವೂ ಸ್ವಲ್ಪ ಬದಲಾಗಬಹುದು, ಮತ್ತೆ ಗುರಿ ನೋಡಿಕೊಳ್ಳಬೇಕು.

ಎರಡನೇ ತೋಟಾ ಎಲ್ಲಿ ಇಟ್ಟುಕೊಳ್ಳಲಿ?

ಜೇಬಿನ ತಳದಲ್ಲಿ ಮಾತ್ರ ಬೇಡ. ಕೀಲಿಕೈ, ಚಿಲ್ಲರೆಯ ಜೊತೆ ಹುಡುಕುವ ಹೊತ್ತಲ್ಲ ಅದು. ಸ್ಟಾಕ್ ಮೇಲೆ ಚರ್ಮದ ಪಟ್ಟಿಯಲ್ಲಿ ಎರಡು ಕುಣಿಕೆ ಹೊಲಿಸಿಕೊಂಡರೆ ಸಾಕು. ಎದೆ ಜೇಬಿನ ಅಂಚಾದರೂ ಆಗುತ್ತದೆ. ರಿಮ್ ಇರುವ ತೋಟಾ ಕುಣಿಕೆಯಿಂದ ಕೆಳಗೆ ಜಾರುವುದಿಲ್ಲ, ಅಂಚು ಹಿಡಿದು ನಿಲ್ಲಿಸುತ್ತದೆ. ಎಳೆಯುವಾಗ ಕಣ್ಣು ಪ್ರಾಣಿಯ ಮೇಲೇ ಇರಲಿ, ಬೆರಳು ರಿಮ್ ಹುಡುಕಿಕೊಳ್ಳುತ್ತದೆ. ಮನೆಯಲ್ಲಿ ಡಮ್ಮಿ ತೋಟಾ ಹಾಕಿಕೊಂಡು ಇದನ್ನು ಕತ್ತಲಲ್ಲಿ ಅಭ್ಯಾಸ ಮಾಡಿ. ಮಡಚು, ಕೇಸ್ ತೆಗೆ, ತುಂಬು, ಮುಚ್ಚು. ಕುದುರೆ (ಹ್ಯಾಮರ್) ಏರಿಸುವುದು ಮಾತ್ರ ರೈಫಲ್ ಮತ್ತೆ ಭುಜಕ್ಕೆ ಬಂದು, ಪ್ರಾಣಿ ದುರ್ಬೀನಿನಲ್ಲಿ ಕಂಡ ಮೇಲೆ.